ಚಾರ್ಮಾಡಿ ಘಾಟಿಯ ಮಿಂಚು

ಸಹೋದರಿಯರೇ, ಎಪ್ರಿಲ್ ಅಥವಾ ಮೇ ತಿಂಗಳ ಸಂಜೆ ನೀವು ಚಾರ್ಮಾಡಿ ಘಾಟಿ ಹತ್ತಿದ್ದೀರಾ? ಮಂಗಳೂರಿನಿಂದ ಉಜಿರೆಯವರೆಗೆ ಬೆವರು ಒರೆಸುತ್ತಾ ಬಂದವರಿಗೆ ಘಾಟಿಯ ಬುಡದಲ್ಲಿ ಆಕಾಶ ಕಪ್ಪಾಗಿರುವುದು ಕಾಣುತ್ತದೆ. 2023ರ ಮೇಯಲ್ಲಿ ನಾನು ಮೂಡಿಗೆರೆಗೆ ಹೊರಟಿದ್ದೆ. ಮಗ್ರಿಬ್ ಹತ್ತಿರವಾಗಿತ್ತು. ಕಣಿವೆಯಾಚೆಯ ಮೋಡವೊಂದು ಒಳಗಿನಿಂದಲೇ ಬೆಳಗಿ ಆರಿತು, ಪರದೆಯ ಹಿಂದೆ ದೀಪ ಹಚ್ಚಿ ಆರಿಸಿದ ಹಾಗೆ. ಸದ್ದೇ ಇಲ್ಲ!

ಇದು ಮೋಡದೊಳಗಿನ ಮಿಂಚು. ಮಿಂಚುಗಳಲ್ಲಿ ಹೆಚ್ಚಿನವು ಇದೇ ಬಗೆಯವು, ನೆಲಕ್ಕೆ ಬರುವುದೇ ಇಲ್ಲ. ದೂರ ಹೆಚ್ಚಾದರೆ ಗುಡುಗು ಕೇಳಿಸದು. ಸೆಖೆಗೆ ಮಿಂಚುತ್ತದೆ ಎಂದು ನಾವು ಹೇಳುವುದು ಇದನ್ನೇ. ನಿಜದಲ್ಲಿ ಅದು ಎಲ್ಲೋ ದೂರ ಸುರಿಯುತ್ತಿರುವ ಮಳೆಯ ಮಿಂಚು.

ಕಡಲಿನ ತೇವದ ಗಾಳಿ ಘಟ್ಟಕ್ಕೆ ಬಡಿದು, ಕಾದ ನೆಲದ ಬಿಸಿಯೊಂದಿಗೆ ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿ ಮಂಜಿನ ಸಣ್ಣ ಹರಳುಗಳೂ ಆಲಿಕಲ್ಲಿನ ಮೆದು ಉಂಡೆಗಳೂ ಒಂದಕ್ಕೊಂದು ಉಜ್ಜುತ್ತವೆ. ಹಗುರವಾದವು ಧನ ವಿದ್ಯುತ್ತನ್ನು ಹೊತ್ತು ಮೇಲೇರಿದರೆ, ಭಾರದವು ಋಣ ವಿದ್ಯುತ್ತಿನೊಂದಿಗೆ ಕೆಳಗುಳಿಯುತ್ತವೆ. ಜೂನ್, ಜುಲೈಯಲ್ಲಿ ಎಷ್ಟೇ ಸುರಿದರೂ ನಮ್ಮ ಕರಾವಳಿಯಲ್ಲಿ ಸಿಡಿಲು ಕಡಿಮೆ. ಆಗಿನ ಮೋಡಗಳು ಇಷ್ಟು ಎತ್ತರ ಬೆಳೆಯುವುದಿಲ್ಲ.

ಅರ್ಧ ಘಾಟಿಯಲ್ಲಿ ಮರದ ಕೊಂಬೆ ಬಿದ್ದು ಬಸ್ಸು ನಿಂತಿತು. ಆಗಲೇ ಎದುರಿನ ಗುಡ್ಡಕ್ಕೆ ಕವಲೊಡೆದ ಬೆಳಕು ಇಳಿಯಿತು. ಮೋಡದಿಂದ ಮೆಟ್ಟಿಲು ಮೆಟ್ಟಿಲಾಗಿ ವಿದ್ಯುತ್ತು ಇಳಿಯುತ್ತದೆ, ನೆಲದ ಎತ್ತರದ ವಸ್ತುವಿನಿಂದ ಇನ್ನೊಂದು ಎಳೆ ಮೇಲೇಳುತ್ತದೆ. ಎರಡೂ ಕೂಡಿದೊಡನೆ ನಾವು ಕಾಣುವ ಆ ಪ್ರಖರ ಹೊಳಪು ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ಆ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಸುಮಾರು ಐದು ಪಟ್ಟು ಬಿಸಿಯಾಗಿ ಸಿಡಿಯುವುದೇ ಗುಡುಗು. ಮೋಡದ ನೆತ್ತಿಯಿಂದ ಬೀಳುವ ಧನ ಸಿಡಿಲು ಅಪರೂಪ, ಆದರೆ ಹೆಚ್ಚು ಭಯಂಕರ. ಕೆಲವು ಸಿಡಿಲುಗಳು ಮೋಡದ ಬದಿಯಿಂದ ಹೊರಟು ಹತ್ತು ಕಿಲೋಮೀಟರ್ ಆಚೆ, ಮಳೆಯೇ ಇಲ್ಲದ ಕಡೆಗೂ ಎರಗುತ್ತವೆ.

"ಮಗಳೇ, ಇಳಿದು ಮರದಡಿ ನಿಲ್ಲುವುದು ಒಳ್ಳೆಯದಾ?" ಪಕ್ಕದ ಸೀಟಿನ ಹಿರಿಯ ಮಹಿಳೆ ಕೇಳಿದರು. ಮೂವರು ಯುವಕರು ಆಗಲೇ ಇಳಿದು ಮರದ ಕೆಳಗೆ ನಿಂತಿದ್ದರು. ನಾನು ಕಿಟಕಿಯಿಂದ ಕೂಗಿದೆ, ಕಂಡಕ್ಟರ್ ಗದರಿದ ಮೇಲೆ ಒಳಬಂದರು. ಮರಕ್ಕೆ ಬಡಿದ ಸಿಡಿಲು ಬುಡದ ನೆಲದಲ್ಲೂ ಹರಡುತ್ತದೆ. ದನಗಳು ಒಟ್ಟೊಟ್ಟಿಗೆ ಸಾಯುವುದು ಹೀಗೆಯೇ. ಮುಚ್ಚಿದ ಬಸ್ಸಿನ ಲೋಹದ ಮೈ ವಿದ್ಯುತ್ತನ್ನು ಹೊರಗಿನಿಂದಲೇ ನೆಲಕ್ಕೆ ಸಾಗಿಸುತ್ತದೆ. ಟಯರಿನ ರಬ್ಬರ್ ಕಾಪಾಡುತ್ತದೆಂಬುದು ತಪ್ಪು ತಿಳುವಳಿಕೆ.

ಆ ತಾಯಿ ದಿಕ್ರ್ ಹೇಳುತ್ತಿದ್ದರು. ಗುಡುಗಿನ ಹೆಸರಿನಲ್ಲೇ ಒಂದು ಸೂರಾ ಇದೆಯಲ್ಲವೇ, ಅರ್ರಅದ್? ದುಆ ಮಾಡೋಣ, ಜೊತೆಗೆ ಒಳಗೂ ಇರೋಣ. ನಮ್ಮ ದೇಶದಲ್ಲಿ ಸಿಡಿಲಿಗೆ ವರ್ಷಕ್ಕೆ 2000ಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಹೋಗಬೇಡಿ, ನಲ್ಲಿ ನೀರಿನಲ್ಲಿ ಪಾತ್ರೆ ತೊಳೆಯಬೇಡಿ. ಸಿಡಿಲು ಬಡಿದವರನ್ನು ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಬೇಕು.

ಕೊಟ್ಟಿಗೆಹಾರ ತಲುಪಿದೊಡನೆ ಮನೆಗೆ ಫೋನ್ ಮಾಡಿದೆ. "ಉಮ್ಮಾ, ಅಂಗಳದ ಅಡಿಕೆ ಹಾಗೆಯೇ ಇರಲಿ."

"ಅರ್ಧ ತಂದಾಯಿತು. ನೀನು ಫೋನ್ ಇಡು, ಉಳಿದದ್ದು ಒದ್ದೆಯಾಗುತ್ತದೆ" ಎಂದರು ಉಮ್ಮ.

ನಾನು ಫೋನ್ ಇಡಲಿಲ್ಲ. ಗುಡುಗು ನಿಲ್ಲುವವರೆಗೂ ಮಾತಾಡುತ್ತಲೇ ಇದ್ದೆ.