ದೆವ್ವಗಳ ಹೆಗಲ ಮೇಲೆ ಕಾವಲುಗಾರ

ಈ ಚೀನೀ ಚಿತ್ರಸುರುಳಿಯನ್ನು ಬಲದಿಂದ ಎಡಕ್ಕೆ ಬಿಚ್ಚಿ. ಒಂದೇ ಸಲಕ್ಕೆ ಬೇಡ, ಒಂದೊಂದು ಮೊಳ ಸಾಕು. ನೋಡಿ ಮುಗಿದಷ್ಟನ್ನು ಬಲಗೈ ಸುತ್ತಿಕೊಳ್ಳುತ್ತಾ ಹೋಗಲಿ.

ಮೊದಲ ಮೊಳದಲ್ಲೇ ಝೋಂಗ್ ಕ್ವೇ ಎದುರಾಗುತ್ತಾನೆ. ಪೊದೆಗಡ್ಡ, ದುಂಡನೆಯ ಕಣ್ಣು, ತಲೆಯ ಮೇಲೆ ಅಧಿಕಾರಿಯ ಟೊಪ್ಪಿಗೆ. ಅವನ ಪಲ್ಲಕ್ಕಿಗೆ ಹೆಗಲು ಕೊಟ್ಟವು ದೆವ್ವಗಳು. ದೆವ್ವ ಹಿಡಿಯುವುದೇ ಅವನ ಕೆಲಸ. ಹಿಡಿದವನ್ನು ಆಳಾಗಿ ದುಡಿಸಿಕೊಳ್ಳುತ್ತಾನೆ. ಬದುಕಿದ್ದಾಗ ಅವನಿಗೆ ಈ ಟೊಪ್ಪಿಗೆಯ ಯೋಗ ಇರಲಿಲ್ಲ. ರಾಜಪರೀಕ್ಷೆಯಲ್ಲಿ ಸೋತು, ಅರಮನೆಯ ಮೆಟ್ಟಿಲಿಗೆ ತಲೆ ಚಚ್ಚಿಕೊಂಡು ಸತ್ತವನು. ದೊರೆ ಮರ್ಯಾದೆಯಿಂದ ಮಣ್ಣು ಮಾಡಿಸಿದ ಋಣಕ್ಕೆ ನಾಡಿನ ದೆವ್ವಗಳನ್ನೆಲ್ಲ ಅಡಗಿಸುವ ಪಣ ತೊಟ್ಟ. ಮುಂದೆ ತಾಂಗ್ ದೊರೆ ಷ್ವಾನ್‌ಜೋಂಗ್ ಜ್ವರದಲ್ಲಿ ಮಲಗಿದ್ದಾಗ ಕನಸಿಗೆ ಬಂದು, ಕೊಳಲು ಕದ್ದ ಮರಿದೆವ್ವವನ್ನು ಹಿಡಿದು ನುಂಗಿದ. ಎದ್ದ ದೊರೆ ಚಿತ್ರಕಾರ ವೂ ದಾವ್‌ಜಿಯನ್ನು ಕರೆಸಿ ಆ ರೂಪವನ್ನು ಬರೆಸಿದನೆಂದು ಕಥೆ. ಅಂದಿನಿಂದ ಅವನ ಚಿತ್ರವೇ ಮನೆಮನೆಯ ಕಾವಲು.

ಅವನು ಹಿಂದಿರುಗಿ ನೋಡುತ್ತಿದ್ದಾನೆ. ಯಾರನ್ನು? ಇನ್ನೊಂದು ಮೊಳ ಬಿಚ್ಚಿ. ಬೇರೊಂದು ಪಲ್ಲಕ್ಕಿಯಲ್ಲಿ ತಂಗಿ! ಕೆನ್ನೆಗೆ ಕೆಂಪು ಹಚ್ಚುವಲ್ಲಿ ಕಪ್ಪು ಮಸಿ ಮೆತ್ತಿಕೊಂಡಿದ್ದಾಳೆ. ಅಲ್ಲೇ ಸ್ವಲ್ಪ ನಿಲ್ಲಿ, ಬಗ್ಗಿ ನೋಡಿ. ಬಣ್ಣವೇ ಇಲ್ಲದ ಚಿತ್ರದಲ್ಲಿ ಅಲಂಕಾರವೂ ಮಸಿಯಲ್ಲೇ ಆಗಬೇಕಲ್ಲ. ಅಂಜಿಕೆ, ಚೆಲುವು ಎರಡೂ ಆ ಎರಡು ಬೊಟ್ಟುಗಳಲ್ಲಿವೆ. ಅವಳ ಹಿಂದೆ ಹೆಂಡದ ಮಡಕೆ ಹೊತ್ತ ದೆವ್ವಗಳು, ಸೆರೆಸಿಕ್ಕ ಮರಿದೆವ್ವಗಳನ್ನು ಕಟ್ಟಿ ತೂಗುಹಾಕಿಕೊಂಡ ದೆವ್ವಗಳು. ಕೆಲವು ಬರಿಯ ಗೆರೆ, ಕೆಲವು ಕಡುಗಪ್ಪು ಮೈ.

ಬರೆದವನು ಗೊಂಗ್ ಕಾಯ್ (1222–1307). 1279ರಲ್ಲಿ ಸೊಂಗ್ ರಾಜ್ಯ ಮಂಗೋಲರ ಪಾಲಾದ ಮೇಲೆ ಹೊಸ ದೊರೆಗಳ ಚಾಕರಿ ಒಲ್ಲದೆ ಬಡತನದಲ್ಲೇ ಬಾಳಿದ. ಮನೆಯಲ್ಲಿ ಮೇಜಿಲ್ಲದೆ, ಮಗನ ಬೆನ್ನ ಮೇಲೆ ಕಾಗದ ಹರಡಿ ಬರೆಯುತ್ತಿದ್ದನಂತೆ. ಇದನ್ನು ತಿಳಿದು ಮತ್ತೆ ಆ ಕಟ್ಟಿದ ಮರಿದೆವ್ವಗಳನ್ನು ನೋಡಿ. ನಾಡನ್ನು ಹೊಕ್ಕವರನ್ನು ಓಡಿಸಲು ಯಾರಾದರೂ ಬರಲಿ ಎಂಬ ಹಂಬಲ ನನಗಂತೂ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಈ ಸುರುಳಿ ಈಗ ವಾಷಿಂಗ್ಟನ್ನಿನ ಫ್ರೀಯರ್ ಸಂಗ್ರಹದಲ್ಲಿದೆ. ಮೆರವಣಿಗೆ ಮುಗಿದಲ್ಲಿ ಗೊಂಗ್ ಕಾಯ್‌ನ ಬರಹ ಶುರು. ಮಸಿಯಲ್ಲಿ ದೆವ್ವ ಬರೆಯುವುದು ಹುಡುಗಾಟ ಎನ್ನುವವರಿಗೆ ಅವನ ಉತ್ತರ ಅಲ್ಲಿದೆ: ಅಕ್ಷರ ಬರೆಯುವವರಲ್ಲಿ ವೇಗದ ಓಟಬರಹಕ್ಕೆ ಯಾವ ಸ್ಥಾನವೋ, ಚಿತ್ರದಲ್ಲಿ ಇದಕ್ಕೂ ಅದೇ ಸ್ಥಾನ.