ಆ ದಿನ ನಾನು ಗಣಿತದ ಬಗ್ಗೆ ಹೇಳಲಿಲ್ಲ



ಪ್ಲಸ್ ಟು ಫಲಿತಾಂಶದ ಸಮಯ ಬಂತು. ಇನ್ನು ಕೆಲವು ವಾರ ನಾನು ಕೆಲಸ ಮಾಡುವ ಅಕ್ಷಯ ಕೇಂದ್ರದಲ್ಲಿ ಕುರ್ಚಿ ಖಾಲಿ ಇರುವುದಿಲ್ಲ. ಅಪ್ಪನೋ ಅಮ್ಮನೋ ಪಕ್ಕದಲ್ಲಿ ನಿಂತಿರುತ್ತಾರೆ, ಮಕ್ಕಳು ಫೋನ್ ನೋಡುತ್ತಿರುತ್ತಾರೆ. "ಅಕ್ಕ, ಕಂಪ್ಯೂಟರ್ ಹಾಕಿ" ಎನ್ನುತ್ತಾರೆ. ಯಾವ ಕಂಪ್ಯೂಟರ್, ಬಿಎಸ್ಸಿಯಾ, ಬಿಸಿಎಯಾ, ಬಿಟೆಕ್ಕಾ ಎಂದು ಕೇಳಿದರೆ, "ಯಾವುದಾದರೂ ಆದೀತು, ಕಂಪ್ಯೂಟರ್ ಇದ್ದರೆ ಸಾಕು." ಆಪ್ಷನ್ ತುಂಬಿ ಮುಗಿಸಲು ಐದು ನಿಮಿಷ. ಮೊಂತಿ ಹಬ್ಬಕ್ಕೆ ಚಪ್ಪಲಿ ಆರಿಸುವಾಗ ನಾವು ಇದಕ್ಕಿಂತ ಹೆಚ್ಚು ಹೊತ್ತು ಅಂಗಡಿಯಲ್ಲಿ ಕೂರುತ್ತೇವೆ.

ಆದರೆ ಅವರನ್ನು ನೋಡಿ ನಗುವ ಹಕ್ಕು ನನಗಿಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ಚರ್ಚ್ ಹಾಲ್‌ನಲ್ಲಿ ಪ್ಲಸ್ ಟು ಮುಗಿಸಿದವರಿಗೆ ಮಾರ್ಗದರ್ಶನ ಸಭೆ ಇಟ್ಟಿದ್ದೆವು. ಮೈಕ್ ಹಿಡಿದು ಮುಕ್ಕಾಲು ಗಂಟೆ ಮಾತಾಡಿದವಳು ನಾನೇ. ಮುಂದಿನ ಕಾಲವೆಲ್ಲ ತಂತ್ರಜ್ಞಾನದ್ದು, ಧೈರ್ಯವಾಗಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಿ, ಕನ್ನಡ ಮಾಧ್ಯಮದವಳಾದ ನಾನು ಬಿಎಸ್ಸಿ ಮಾಡಲಿಲ್ಲವೇ ಎಂದೆಲ್ಲ ಹೇಳಿದೆ. ಚಪ್ಪಾಳೆ ಬಿತ್ತು, ಚಾ-ಬಿಸ್ಕತ್ ಆಯಿತು.

ನಮ್ಮ ಗಾಯನ ವೃಂದದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಹುಡುಗನೊಬ್ಬ ಅಂದು ಮೊದಲ ಸಾಲಿನಲ್ಲಿದ್ದ. ಮನೆಯ ಮಿಕ್ಸಿ, ಫ್ಯಾನ್, ಚರ್ಚಿನ ಸೌಂಡ್ ಬಾಕ್ಸ್ ಏನು ಹಾಳಾದರೂ ಬಿಚ್ಚಿ ಸರಿ ಮಾಡುವವ. "ಇವನಿಗೆ ಕೀಬೋರ್ಡ್ ಮೊದಲೇ ಗೊತ್ತುಂಟಲ್ಲ" ಎಂದು ಯಾರೋ ತಮಾಷೆ ಮಾಡಿದ್ದು ನೆನಪಿದೆ. ಅವನು ಗಡಿಯಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಸೇರಿದ, ಕಂಪ್ಯೂಟರ್ ಸೈನ್ಸ್. ಬ್ಯಾಂಕಿನಿಂದ ಶಿಕ್ಷಣ ಸಾಲ, ಸಾಲದ್ದಕ್ಕೆ ಅವನ ಅಮ್ಮನ ಬಳೆ.

ಈ ವರ್ಷ ತಪಸ್ಸು ಕಾಲದ ಆರಂಭದಲ್ಲಿ ಅವನು ಊರಿಗೆ ಬಂದಿದ್ದಾನೆಂದು ತಿಳಿಯಿತು. ಮೂರನೇ ಸೆಮಿಸ್ಟರ್ ಮುಗಿಸಿ ಕಾಲೇಜು ಬಿಟ್ಟಿದ್ದ. ಪೂಜೆಗೆ ಬಂದರೆ ಕೊನೆಯ ಬೆಂಚು, ಆಶೀರ್ವಾದ ಮುಗಿಯುವ ಮೊದಲೇ ಹೊರಗೆ. ಯುವಜನರ ಸಭೆಗಂತೂ ಬರಲೇ ಇಲ್ಲ. ನಾನು ಎರಡು ವಾರ ಧೈರ್ಯ ಮಾಡಿಕೊಂಡು ಕೊನೆಗೆ ಅವರ ಮನೆಗೆ ಹೋದೆ. ಅಂಗಳದಲ್ಲಿ ಮಾವನ ಜೊತೆ ತೋಟದ ಪಂಪ್ ಬಿಚ್ಚಿಕೊಂಡು ಕೂತಿದ್ದ.

"ನನ್ನ ಮೇಲೆ ಸಿಟ್ಟುಂಟಾ?" ಎಂದು ಕೇಳಿದೆ.

"ಇಲ್ಲ ಅಕ್ಕ. ನೀವು ಸುಳ್ಳು ಹೇಳ್ಲಿಲ್ಲ. ಆದ್ರೆ ಗಣಿತದ ಬಗ್ಗೆ ಹೇಳ್ಲಿಲ್ಲ."

ಅಷ್ಟೇ. ಅವನ ಅಮ್ಮ ಚಾ ತಂದುಕೊಟ್ಟರು, ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಹೌದು, ನಾನು ಹೇಳಲಿಲ್ಲ. ಇನ್ನೂ ಒಂದನ್ನು ಮುಚ್ಚಿಟ್ಟಿದ್ದೆ. 2019ರಲ್ಲಿ ನಾನು ಬಿಎಸ್ಸಿ ಸೇರಿದಾಗ ಕಂಪ್ಯೂಟರ್ ಸೈನ್ಸ್ ಎಂದರೆ ಕಂಪ್ಯೂಟರ್ ಬಳಸಲು ಕಲಿಯುವುದು ಎಂದೇ ತಿಳಿದಿದ್ದೆ. ಮೊದಲ ತಿಂಗಳಲ್ಲೇ ಸಿ ಭಾಷೆ ಬಂತು, ಜೊತೆಗೆ ಸೆಟ್, ರಿಲೇಶನ್, ಲಾಜಿಕ್ ಎಂದು ಬೋರ್ಡ್ ತುಂಬ ಗಣಿತ. ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳದಲ್ಲಿ, ನನ್ನ ತಲೆ ಕನ್ನಡದಲ್ಲಿ. ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಫೇಲ್ ಆದೆ. ಮನೆಯಲ್ಲಿ ಹೇಳಲಿಲ್ಲ. ಜಪಸರ ಹಿಡಿದು ಅತ್ತದ್ದು ಮಾತೆಗೆ ಮಾತ್ರ ಗೊತ್ತು.

ನನ್ನನ್ನು ಉಳಿಸಿದ್ದು ಒಂದು ಸಣ್ಣ ಪ್ರೋಗ್ರಾಮ್. 3, 7, 11, 15 ಹೀಗೆ ಇಪ್ಪತ್ತು ಸಂಖ್ಯೆಗಳನ್ನು ಮುದ್ರಿಸಬೇಕಿತ್ತು. ಲೂಪ್ ಎಂದರೆ ಏನೆಂದೇ ತಲೆಗೆ ಹೋಗದೆ ಕೂತಿದ್ದಾಗ ಒಮ್ಮೆಲೇ ಹೊಳೆಯಿತು: ಇದು ಹತ್ತನೇ ತರಗತಿಯ ಸಮಾಂತರ ಶ್ರೇಢಿಯಲ್ಲವೇ! ಮೂರರಿಂದ ಶುರು, ಪ್ರತಿ ಸಲ ನಾಲ್ಕು ಕೂಡಿಸು. ಬೀಜಗಣಿತ ರೂಪ 4n−1, ಇಪ್ಪತ್ತನೇ ಪದ 79. ಓಡಿಸಿ ನೋಡಿದೆ, ಪರದೆಯ ಕೊನೆಯಲ್ಲಿ 79 ಇತ್ತು. ಅಂದು ಮನೆಗೆ ಬಂದು ಹಳೆಯ ಕನ್ನಡ ಗಣಿತ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಸೆಟ್ ಎಂದರೆ ನಮ್ಮ ಗಣ, ಸಬ್‌ಸೆಟ್ ಎಂದರೆ ಉಪಗಣ, ಪ್ರಾಬಬಿಲಿಟಿ ಎಂದರೆ ಸಂಭವನೀಯತೆ. ಪಾಠ ಹೊಸದಲ್ಲ, ಹೆಸರು ಹೊಸದು. ಕನ್ನಡ ಮಾಧ್ಯಮದವರು ಇದನ್ನು ನೆನಪಿಡಿ. ಇಂಗ್ಲಿಷ್ ಒಂದು ವರ್ಷದಲ್ಲಿ ಕೈಗೆ ಬರುತ್ತದೆ.

ಆದರೆ ನನಗೆ ಆ 79 ಕಂಡಾಗ ಖುಷಿಯಾಯಿತು, ಮುಖ್ಯ ಅದು. ಒಂದು ಅರ್ಧವಿರಾಮ ತಪ್ಪಿದರೂ ಪ್ರೋಗ್ರಾಮ್ ಓಡುವುದಿಲ್ಲ. ಆ ತಪ್ಪು ಹುಡುಕುತ್ತ ಎರಡು ಗಂಟೆ ಕೂರುವುದು ನನಗೆ ಬೇಸರ ತರಲಿಲ್ಲ. ಅವನಿಗೆ ತಂದಿತು. ಕೈಯಲ್ಲಿ ಹಿಡಿದು ಬಿಚ್ಚಲಾಗದ್ದನ್ನು ಸರಿಮಾಡುವುದು ಹೇಗೆಂದು ತನಗೆ ಹೊಳೆಯಲೇ ಇಲ್ಲ ಎಂದ. ಎಲೆಕ್ಟ್ರಿಕಲ್ ಆಗಿದ್ದರೆ ಅಥವಾ ಐಟಿಐ ಆಗಿದ್ದರೆ ಏನಾಗುತ್ತಿತ್ತೋ. ಆ ದಿನ ಹಾಲ್‌ನಲ್ಲಿ ನಾನು ಐಟಿಐ ಎಂಬ ಪದವನ್ನೇ ಎತ್ತಿರಲಿಲ್ಲ.

ಕಳೆದ ಸೆಪ್ಟೆಂಬರ್ 7ರಂದು ಕಾರ್ಲೊ ಅಕುಟಿಸ್ ಅವರನ್ನು ಸಂತರೆಂದು ಘೋಷಿಸಿದ ಮೇಲೆ ನಮ್ಮ ಹಿರಿಯರಿಗೆ ಹೊಸ ಮಾತು ಸಿಕ್ಕಿದೆ: "ನೋಡು, ಕಂಪ್ಯೂಟರ್ ಕಲಿತವರೂ ಸಂತರಾಗ್ತಾರೆ." ಒಳ್ಳೆಯದೇ. ಆದರೆ 15ನೇ ವಯಸ್ಸಿನಲ್ಲಿ ತೀರಿಕೊಂಡ ಆ ಹುಡುಗ ಪ್ರೋಗ್ರಾಮಿಂಗ್ ಕಲಿತದ್ದು ಕೆಲಸ ಸಿಗುತ್ತದೆಂದಲ್ಲ. ಆಸಕ್ತಿ ಇತ್ತು, ಪರಮಪ್ರಸಾದದ ಪವಾಡಗಳನ್ನು ಜನರಿಗೆ ತಲುಪಿಸುವ ಆಸೆಯೂ ಇತ್ತು.

ಹಾಗಾದರೆ ನಿಮಗೆ ಆಸಕ್ತಿ ಉಂಟೋ ಇಲ್ಲವೋ ಹೇಗೆ ತಿಳಿಯುವುದು? ನಮ್ಮ ಶಾಲೆಗಳಲ್ಲಿ ಕಲಿತವರು ಹತ್ತನೇ ತರಗತಿಯ ಐಸಿಟಿ ಪುಸ್ತಕದಲ್ಲಿ ಪೈಥಾನ್ ಪಾಠ ನೋಡಿದ್ದೀರಿ. ಆ ಪಾಠ ಬಂದಾಗ ನೀವು ಏನು ಮಾಡಿದಿರಿ? ಟೀಚರ್ ಕೊಟ್ಟ ಸಂಖ್ಯೆ ಬದಲಿಸಿ ಚಿತ್ರ ಹೇಗಾಗುತ್ತದೆಂದು ನೋಡಿದಿರಾ, ಅಥವಾ ಪಕ್ಕದವನದ್ದು ನಕಲು ಮಾಡಿ ಎದ್ದಿರಾ? ಮರೆತಿದ್ದರೆ ಈಗ ಹತ್ತು ದಿನ ಇದೆ. ಕೇಂದ್ರ ಸರಕಾರದ ಸ್ವಯಂ ಪೋರ್ಟಲ್‌ನಲ್ಲಿ ಪ್ರೋಗ್ರಾಮಿಂಗ್ ಪಾಠಗಳನ್ನು ಹಣ ಕೊಡದೆ ನೋಡಬಹುದು, ಪೈಥಾನ್ ಅನ್ನು ಫೋನಿನಲ್ಲೇ ಬರೆದು ನೋಡಬಹುದು. ಹತ್ತು ದಿನವೂ ತಲೆನೋವೇ ಆದರೆ ನಾಲ್ಕು ವರ್ಷ ಏನಾದೀತು ಎಂದು ನೀವೇ ಯೋಚಿಸಿ. ಇನ್ನು, ಸೇರಬೇಕೆಂದಿರುವ ಕೋರ್ಸಿನ ಸಿಲೆಬಸ್ ವಿಶ್ವವಿದ್ಯಾಲಯದ ಪುಟದಲ್ಲೇ ಇರುತ್ತದೆ. ಮೊದಲ ಮೂರು ಸೆಮಿಸ್ಟರ್‌ನ ವಿಷಯಗಳ ಹೆಸರನ್ನಾದರೂ ಓದಿ. ನಾನು ಓದಿರಲಿಲ್ಲ, ಅವನೂ ಓದಿರಲಿಲ್ಲ.

ಕೇರಳದಲ್ಲಿ 2024ರಿಂದ ಪದವಿ ನಾಲ್ಕು ವರ್ಷದ ಪದ್ಧತಿಗೆ ಬಂದಿದೆ, ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲೂಬಹುದು. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಉಂಟು, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ನಿಯಮಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಿ, ನೆಂಟರ ಬಾಯಿಂದ ಕೇಳಿ ನಂಬಬೇಡಿ.

ಹೆತ್ತವರಿಗೆ ಒಂದು ಮಾತು. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಬಡ್ಡಿ ಮಾತ್ರ ಹಣ ಕೈಗೆ ಬಂದ ದಿನದಿಂದಲೇ ಬೆಳೆಯುತ್ತದೆ. ಮಗ ಕಾಲೇಜು ಬಿಟ್ಟರೂ ಸಾಲ ಮನೆ ಬಿಡುವುದಿಲ್ಲ. ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಗೋಪುರ ಕಟ್ಟುವ ಮೊದಲು ಕೂತು ಖರ್ಚಿನ ಲೆಕ್ಕ ಹಾಕುವವನ ಮಾತು ಬರುತ್ತದಲ್ಲ, ಆ ಪ್ರಸಂಗ ಕೇಳಿದಾಗೆಲ್ಲ ಈಗ ನನಗೆ ಅವನ ಅಮ್ಮನ ಬರಿಗೈ ನೆನಪಾಗುತ್ತದೆ.

ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನನಗೆ ಈಗಲೂ ಅದು ಇಷ್ಟ. ಬಿಎಸ್ಸಿ ಮಾಡಿ ಅಕ್ಷಯದಲ್ಲಾ ಕೂತದ್ದು ಎಂದು ಕೇಳುವವರಿದ್ದಾರೆ. ಹೌದು, ಸದ್ಯಕ್ಕೆ ಅಲ್ಲೇ. ಇದನ್ನೂ ಆ ಸಭೆಯಲ್ಲಿ ಹೇಳಬಹುದಿತ್ತು, ಅಂದು ನಾನು ಕೆಲಸ ಹುಡುಕುತ್ತಿದ್ದೆ, ಹೇಳಲು ನಾಚಿಕೆಯಾಯಿತು.

ಮುಂದಿನ ಭಾನುವಾರ ಎರಡನೇ ಪೂಜೆಯ ನಂತರ ಅದೇ ಹಾಲ್‌ನಲ್ಲಿ ಮತ್ತೆ ಸೇರುತ್ತೇವೆ. ಈ ಸಲ ಭಾಷಣವಿಲ್ಲ. ಸಿಲೆಬಸ್ ಪ್ರಿಂಟ್ ಮಾಡಿ ಮೇಜಿನ ಮೇಲಿಡುತ್ತೇನೆ, ನನ್ನ ಫೇಲಾದ ಉತ್ತರ ಪತ್ರಿಕೆಯೂ ಇರುತ್ತದೆ. ಅವನನ್ನೂ ಕರೆದಿದ್ದೇನೆ. ಈ ವರ್ಷ ಐಟಿಐ ಎಲೆಕ್ಟ್ರಿಷಿಯನ್‌ಗೆ ಅರ್ಜಿ ಹಾಕುವವನಿದ್ದಾನೆ, ಫಾರ್ಮ್ ನಾನೇ ತುಂಬುತ್ತೇನೆ, ಐದು ನಿಮಿಷದಲ್ಲಲ್ಲ. "ಬರ್ತೇನೆ ಅಕ್ಕ, ಆದ್ರೆ ಮೈಕ್ ಕೊಡ್ಬೇಡಿ" ಎಂದಿದ್ದಾನೆ. ಮೂರು ಸೆಮಿಸ್ಟರ್‌ನ ಪುಸ್ತಕಗಳನ್ನು ತರುತ್ತಾನೆ. ಬೇಕಾದವರು ಕೈಗೆತ್ತಿಕೊಂಡು ನೋಡಬಹುದು.