ರದ್ದಿಯೊಳಗಿನ ಪುಸ್ತಕ

ಆ ವರ್ಷ ಬೆಲ್ಲದ ಗಾಣದ ಒಲೆ ಹೊತ್ತಿಸಲು ಸಂಕೇಶ್ವರದಿಂದ ಒಂದು ಗಂಟು ರದ್ದಿ ತಂದಿದ್ದರು. ಅದರೊಳಗೆ ರಟ್ಟು ಕಿತ್ತುಹೋದ, ಮೊದಲ ಪುಟವಿಲ್ಲದ ದಪ್ಪ ಪುಸ್ತಕ. ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುವವನು ಹರಿಯಲು ಹೋದ, ಹಾಳೆ ಜಗ್ಗಲಿಲ್ಲ. ಚಿಂದಿ ಬಟ್ಟೆ ಅರೆದು ಮಾಡಿದ ಹಳೇ ಕಾಲದ ಕಾಗದ ಅಷ್ಟು ಸುಲಭಕ್ಕೆ ಬಗ್ಗುವಂಥದ್ದಲ್ಲ.

"ಏ, ತಡಿಯಪಾ, ಇದು ಇಂಗ್ಲಿಷ್ ಅಲ್ಲ," ಅಂದರು ನಮ್ಮ ಮಾಸ್ತರು. ಗಾಣಕ್ಕೆ ಅವರು ಬರುತ್ತಿದ್ದದ್ದು ಬಿಸಿ ಬೆಲ್ಲದ ಆಸೆಗೆ. ಅವತ್ತು ಬೆಲ್ಲ ಮರೆತರು.

ಹತ್ತರಗಿಯಿಂದ ಬೆಳಗಾವಿ ಬಸ್ಸು ಹತ್ತಿ, ಪೋರ್ತುಗೀಸ್ ಬಲ್ಲ ಒಬ್ಬ ವಯಸ್ಸಾದ ಫಾದರ್ ಹತ್ತಿರ ಹೋದೆವು. ಅವರು ಎರಡು ಪುಟ ತಿರುವಿ ನಕ್ಕರು. "ಗೋವಾ ಆರ್ಚ್‌ಬಿಷಪ್ಪರ ಕಾಯ್ದೆ ಪುಸ್ತಕ ಇದು. ಮದುವೆ ಹೆಂಗ ಮಾಡಬೇಕು, ಪಾದ್ರಿ ಹೆಂಗ ಇರಬೇಕು, ಎಲ್ಲಾ ಬರದದ. ಬೆಳಗಾವಿಗೆ 1953ರಾಗ ಸ್ವಂತ ಬಿಷಪ್ಪರು ಬರೂತನಾ ಈ ಕಡೆ ಬಹಳಷ್ಟು ಚರ್ಚಿಗೆ ಗೋವಾನೇ ದೊಡ್ಡಮನಿ ಇತ್ತು."

ಗೋವೆಗೆ ಅಚ್ಚಿನ ಯಂತ್ರ ಬಂದದ್ದು 1556ರಲ್ಲಿ. ಅದು ಹೊರಟಿದ್ದು ಅಬಿಸೀನಿಯಾಕ್ಕೆ, ಉಳಿದದ್ದು ಗೋವೆಯಲ್ಲಿ. ಈ ಕಾಯ್ದೆಯನ್ನು ಅಲ್ಲೇ 1568ರಲ್ಲಿ ಜುವಾವ್ ದೆ ಎಂದೆಂ ಎಂಬ ಮುದ್ರಕ ಮೊದಲು ಅಚ್ಚು ಹಾಕಿದ. ನಮ್ಮ ಕೈಯಲ್ಲಿದ್ದದ್ದು ಮುಂದಿನ ಕಾಲದ ಮರುಮುದ್ರಣ. ಮಾಸ್ತರ ಮುಖ ತುಸು ಇಳಿಯಿತು.

ಆದರೆ ಫಾದರ್‌ಗೆ ಅಚ್ಚಿನ ವರ್ಷಕ್ಕಿಂತ ಒಡೆಯರ ಚಿಂತೆ ಹೆಚ್ಚು. ಒಳಗಿನ ಒಂದು ಹಾಳೆಯ ಅಂಚನ್ನು ಯಾರೋ ಚಾಕುವಿನಿಂದ ಹೆರೆದಿದ್ದರು. ದೀಪವನ್ನು ಮಗ್ಗುಲಿಗೆ ಹಿಡಿದರು. ಶಾಯಿ ಹೋದರೂ ಲೇಖನಿ ಒತ್ತಿದ ಗೀರು ಹೋಗಿರಲಿಲ್ಲ. 'ಕೊನ್ವೆಂತು' ಎಂಬಷ್ಟು ಓದಲು ಸಿಕ್ಕಿತು. ಅಂದರೆ ಒಂದು ಮಠದ ಸ್ವತ್ತು. 1834ರಲ್ಲಿ ಪೋರ್ಚುಗಲ್ ಸರ್ಕಾರ ಸನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿಸಿತು. ಆ ಆಜ್ಞೆ ಮರುವರ್ಷ ಗೋವೆಗೂ ಬಂತು. ಮಠಗಳ ಪುಸ್ತಕಗಳಲ್ಲಿ ಕೆಲವು ಪಣಜಿಯ ಸಾರ್ವಜನಿಕ ಗ್ರಂಥಾಲಯ ಸೇರಿದವು, ಉಳಿದವು ದಿಕ್ಕಾಪಾಲಾದವು. ಹೆಸರು ಹೆರೆದವನು ಕದ್ದವನೋ, ಮಠ ಮುಚ್ಚಿದ ಮೇಲೆ ಮರ್ಯಾದೆಯಿಂದ ಕೊಂಡವನೋ? ಕಳ್ಳನೇ ಇರಬೇಕೆಂದು ನನ್ನ ಗುಮಾನಿ. ಕೊಂಡವನಿಗೆ ಚಾಕು ಯಾಕೆ ಬೇಕು?

ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ 1-8-0 ಎಂದಿತ್ತು, ಪಕ್ಕಕ್ಕೆ ಇಂಗ್ಲಿಷಿನಲ್ಲಿ 'ಆಣೆ'. ಫಾದರ್ ಅದರ ಮೇಲೆ ಬೆರಳಿಟ್ಟು ಕೇಳಿದರು: "ಗೋವಾದಾಗ ರೂಪಾಯಿಗೆ ಹದಿನಾರು ಏನು?"

ಮಾಸ್ತರಿಗೆ ತಿಳಿದಿತ್ತು. "ತಾಂಗಾ."

ಹಾಗಾದರೆ ಆಣೆಯಲ್ಲಿ ಬೆಲೆ ಬರೆದ ಈ ಮಾರಾಟ ಆದದ್ದು ಘಟ್ಟದ ಮೇಲೆ, ಬ್ರಿಟಿಷರ ಸೀಮೆಯಲ್ಲಿ. 1880ರ ದಶಕದ ಕೊನೆಗೆ ಗೋವೆಯ ಮುರಗಾಂವ್ ರೈಲು ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿತು. ಆಮೇಲೆ ಬೆಳಗಾವಿಗೆ ಬಂದ ಯಾವುದೋ ಗೋವೆಯ ಕುಟುಂಬದ ಪೆಟ್ಟಿಗೆಯಲ್ಲಿ ಇದೂ ಬಂದಿರಬಹುದು ಎಂಬುದು ಫಾದರ್ ಲೆಕ್ಕ. ಆ ಪೆಟ್ಟಿಗೆಯಿಂದ ಸಂಕೇಶ್ವರದ ತಕ್ಕಡಿಗೆ ಹೇಗೆ ಬಂತೆಂದು ಕೇಳಲು ರದ್ದಿಯವನ ಹತ್ತಿರ ಹೋದೆವು. "ತೂಕಾ ಮಾಡೂ ಮುಂದ ಯಾರ ಹೆಸರು ಕೇಳತಾರ್ರೀ?" ಅಂದ. ಅವನದೂ ಖರೇನೇ.

ಪುಸ್ತಕವನ್ನು ಫಾದರ್‌ಗೇ ಕೊಟ್ಟೆವು. ಕೊಡುವ ಮೊದಲು ಮಾಸ್ತರು ಕೊನೆಯ ಹಾಳೆಯಲ್ಲಿ, ಆಣೆಯ ಕೆಳಗೆ, ಪೆನ್ಸಿಲ್ಲಿನಿಂದ ಬರೆದರು: ಸಂಕೇಶ್ವರ, ರದ್ದಿ ಅಂಗಡಿ, ಕಿಲೋ ಲೆಕ್ಕದಲ್ಲಿ.